ಅಜನಿಯ ಮುಂಗುಸಿ, ತುಂಗಾಬಾಯಿಯ ಪಾಸು

ಮೊನ್ನೆ ಮೊಮ್ಮಗ ಕೂಲರಿಗೆ ಹೊಸದಾಗಿ ಲಾವಂಚದ ಬೇರು ತುಂಬಿಸಿಕೊಂಡು ಬಂದ. ನೀರು ಬಿಟ್ಟು ಗುಂಡಿ ಒತ್ತಿದ ಕೂಡಲೇ ಮನೆ ತುಂಬ ಹಸಿ ಬೇರಿನ ವಾಸನೆ. ಎಲ್ಲರೂ ಹಾಯೆಂದು ಕಾಲು ಚಾಚಿದರು. ನಾನು ಎದ್ದು ಹೋಗಿ ಹಿತ್ತಲ ಬಾಗಿಲಿನ ಚಿಲಕ ಹಾಕಿದೆಯೋ ಇಲ್ಲವೋ ನೋಡಿಕೊಂಡು ಬಂದೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಯಾರೋ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಇಂದಿಗೂ ಅನ್ನಿಸುತ್ತದೆ. ನಾಗಪುರದ ಅಜನಿಯಲ್ಲಿ ನಾವು ಇನ್ನೊಬ್ಬರ ಮನೆ ಕಾದ ಆ ಒಂದು ಬೇಸಿಗೆ ನನಗೆ ಅಂಟಿಸಿದ ರೋಗ ಇದು.

ಅಂಟಿಸಿತು ಎಂದರೆ ಸುಳ್ಳಾದೀತು. ಹುಟ್ಟಿನಿಂದಲೇ ನಾನು ಅನುಮಾನದ ಪ್ರಾಣಿ. ಹಾಲಿನವನು ಒಂದು ಗುಟುಕು ಹೆಚ್ಚು ಸುರಿದರೆ, ಇವತ್ತು ನೀರು ಜಾಸ್ತಿ ಬೆರೆಸಿರಬೇಕು ಎಂದುಕೊಳ್ಳುವವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಹಾಲನ್ನೂ ನಂಬದವಳಾದೆ.

ಐವತ್ತರ ದಶಕದ ನಡುವಿನ ಮಾತು. ನಾಗಪುರ ಇನ್ನೂ ರಾಜಧಾನಿಯಾಗಿತ್ತು, ಆದರೆ ಆ ಪಟ್ಟ ಹೋಗುತ್ತದಂತೆ, ಭಾಷೆಗೊಂದು ರಾಜ್ಯವಂತೆ, ಕಚೇರಿಗಳನ್ನೆಲ್ಲ ಭೋಪಾಳಕ್ಕೆ ಎತ್ತಿಕೊಂಡು ಹೋಗುತ್ತಾರಂತೆ ಎಂದು ಊರೆಲ್ಲ ಅಂತೆ ಕಂತೆಗಳ ಸಂತೆ. ನಮ್ಮವರು ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತರು. ಹಂಗಾಮಿಯವರಿಗೆ ಕ್ವಾರ್ಟರ್ಸೂ ಇಲ್ಲ, ಊರಿಗೆ ಹೋಗುವ ಭತ್ಯವೂ ಇಲ್ಲ. ಇತವಾರಿಯ ಕಾಳಿನ ಪೇಟೆಯ ಹಿಂದೆ ಒಂದು ವಾಡೆಯ ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದೇ ಖೋಲಿಯಲ್ಲಿ ನಮ್ಮ ಸಂಸಾರ.

ಹಿಂದಿನ ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ನಮ್ಮ ಎರಡು ವರ್ಷದ ಮಗಳು ಶಾಂತಿ ಝಳ ಬಡಿದು, ಕಣ್ಣು ಬಿಡದೆ ಮಲಗಿಬಿಟ್ಟಿದ್ದಳು. ಗದಗಿನಿಂದ ನಮ್ಮಣ್ಣ ಸಾಲ ಮಾಡಿ ಓಡಿ ಬಂದು ಕೂಸನ್ನು ಅವ್ವನ ಹತ್ತಿರ ಎತ್ತಿಕೊಂಡು ಹೋದ. ಚಳಿಗಾಲಕ್ಕೆ ಕರೆತರೋಣ ಎಂದುಕೊಂಡೆವು. ಚಳಿಗಾಲ ಬಂತು, ಹೋಯಿತು. ನಾಗಪುರದಿಂದ ಗದಗಿಗೆ ಮನಮಾಡ, ದೌಂಡ, ಹೋಟಗಿ ಎಂದು ಗಾಡಿ ಬದಲಿಸುತ್ತ ಹೋಗುವ ದಾರಿಯ ಟಿಕೆಟು ನಮ್ಮ ಕೈಗೆ ಎಟುಕಲಿಲ್ಲ. ಅಣ್ಣನಿಗೆ ಮತ್ತೊಮ್ಮೆ ಬಾ ಎನ್ನಲು ಬಾಯಿಯೂ ಬರಲಿಲ್ಲ.

ಅಷ್ಟರಲ್ಲಿ ಗದಗಿನ ಅರಿವೆ ವ್ಯಾಪಾರಿಯೊಬ್ಬರು ಇತವಾರಿಗೆ ಬಂದವರು ನಮ್ಮ ಖೋಲಿಗೂ ಬಂದರು. ಚಹಾ ಕುಡಿಯುತ್ತ ನಗುನಗುತ್ತ ಹೇಳಿದರು: "ನಿಮ್ಮ ಕೂಸು ಭಾಳ ಚಲೋ ಅದರೀ. ನಿಮ್ಮ ತಾಯಿಗೆ ಅವ್ವಾ ಅಂತದ. ನಿಮ್ಮವ್ವ ಎಲ್ಲಿ ಅಂತ ಕೇಳಿದ್ರ ಬರೋಬರ್ ಅಡಗಿಮನಿ ಕಡೆ ಕೈ ಮಾಡ್ತದ!"

ನಾನೂ ನಕ್ಕೆ. ಅವರು ಹೋದ ಮೇಲೆ ಬಟ್ಟಲು ತೊಳೆಯುತ್ತ ಬಹಳ ಹೊತ್ತು ಅತ್ತೆ. ಇನ್ನೊಂದು ವರ್ಷ ತಡವಾದರೆ ನನ್ನ ಮಗಳಿಗೆ ನಾನು ಬೇಕಾಗಿಯೇ ಇರುವುದಿಲ್ಲ ಎನ್ನುವ ಭಯ ಅಂದು ಹುಟ್ಟಿತು. ಈ ಮಳೆಗಾಲದೊಳಗೆ ಹೋಗಲೇಬೇಕು, ಕರೆತರಲೇಬೇಕು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಆಗ ಸಿಕ್ಕವರು ಗೋಪಾಳ ಕಾಕಾ. ಸಂಬಂಧದ ಕಾಕಾ ಅಲ್ಲ. ಬಾಗಲಕೋಟೆ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್, ಅಜನಿಯ ರೈಲ್ವೆ ಕ್ವಾರ್ಟರಿನಲ್ಲಿ ಮನೆ. ಅಲ್ಲಿ ಕನ್ನಡದವರು ಕೂಡಿ ಮಾಡಿದ ಒಂದು ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ದೊನ್ನೆ ಕೈಯಲ್ಲಿ ಹಿಡಿದೇ ನಮ್ಮವರ ಮುಂದೆ ಮಾತು ತೆಗೆದರು.

"ಮಗನ ಮುಂಜಿವಿ ಅದ, ಬೇಸಗಿಗೆ ಎಲ್ಲಾರೂ ಊರಿಗೆ ಹೊಂಟೇವಿ. ಮನಿ ಕಾಯಾಕ ನಂಬಿಗಸ್ತರು ಬೇಕು. ಲಾವಂಚದ ತಟ್ಟಿ ಅದ, ನಳದ ನೀರದ, ಆರಾಮ ಇರ್ರಿ. ನಮ್ಮ ಬಾಳ್ಯಾಗ ಹೊತ್ತಿಗೆ ಸರಿ ಊಟಾ ಹಾಕ್ರಿ, ಸಾಕು. ನಾವು ತಿರುಗಿ ಬಂದ ಮ್ಯಾಲೆ ನಿಮ್ಮ ಗಂಗಾಬಾಯೀನ್ನ ನನ್ನ ರೈಲ್ವೆ ಪಾಸಿನ ಮ್ಯಾಲೆ ಗದಗಿಗೆ ಕಳಸೂದು ನನ್ನ ಜವಾಬ್ದಾರಿ. ಒಂದು ಪೈ ಖರ್ಚಿಲ್ಲ."

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ನಾನು ಹಲ್ಲು ನೋಡಿ, ಬಾಲ ಎತ್ತಿ, ಕೆಚ್ಚಲನ್ನೂ ತಟ್ಟಿ ನೋಡುವವಳು. ಅವರ ಪಾಸಿನಲ್ಲಿ ನಾನು ಹೇಗೆ ಹೋಗುತ್ತೇನೆ ಎಂದು ಕೇಳಿದೆ. "ಅದೆಲ್ಲಾ ಆಮ್ಯಾಲೆ. ಲೈನ್ ಮ್ಯಾಲೆ ಎಲ್ಲಾ ನಮ್ಮ ಮಂದಿನ ಇದ್ದಾರ" ಎಂದು ಕಾಕಾ ದೊನ್ನೆ ನೆಕ್ಕಿದರು. ಆಮೇಲೆ ಎನ್ನುವ ಮಾತು ನನ್ನ ಕಿವಿಯಲ್ಲಿ ಕಸದಂತೆ ಕೂತುಬಿಟ್ಟಿತು.

ಇತವಾರಿಯಿಂದ ಅಜನಿಗೆ ಸಾಮಾನು ಸಾಗಿಸುವುದೇ ಮೊದಲ ಪರೀಕ್ಷೆ. ಟಾಂಗಾದವನು ಕೇಳಿದ ಬಾಡಿಗೆಗೆ ನಮ್ಮವರು ಅಲ್ಲೇ ಕೈಮುಗಿದರು. ದಿನಕ್ಕೊಂದು ಗಂಟು ಕಟ್ಟಿ, ಕಚೇರಿಗೆ ಹೋಗುವಾಗ ಹೆಗಲಿಗೆ ಹಾಕಿಕೊಂಡು ಹೋಗಿ, ಸಂಜೆ ಅಲ್ಲಿಂದ ಅಜನಿಗೆ ನಡೆದು ಮುಟ್ಟಿಸಿ ಬರುವುದೆಂದು ಗೊತ್ತು ಮಾಡಿದರು. ಒಂದು ದಿನ ಹಾಸಿಗೆ, ಒಂದು ದಿನ ಪಾತ್ರೆ, ಒಂದು ದಿನ ಒಳಕಲ್ಲಿನ ಗುಂಡು. ವಾಡೆಯ ಮಾಲಕಿಣ ಇದನ್ನು ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಗುಂಡು ಹೊರಟ ದಿನ ಅವಳಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಗೆ ಅಡ್ಡ ನಿಂತು "ಕುಠೇ ಚಾಲಲಾತ? ಭಾಡೆ ಬುಡವೂನ?" ಎಂದಳು. ಎಲ್ಲಿಗೆ ಹೊರಟಿರಿ, ಬಾಡಿಗೆ ಮುಳುಗಿಸಿಯೋ ಎಂದು ಅದರ ಅರ್ಥ. ಖೋಲಿಯನ್ನು ಬಿಡುತ್ತಿಲ್ಲ, ಬರೀ ಬೇಸಿಗೆಗೆ ಹೋಗಿ ಬರುತ್ತೇವೆ ಎಂದರೂ ಕೇಳಲಿಲ್ಲ. ಕೊನೆಗೆ ನನ್ನ ಮದುವೆಯ ತಾಮ್ರದ ಹಂಡೆಯನ್ನು ಅವಳ ಮನೆಯಲ್ಲಿ ಒತ್ತೆಯಾಗಿ ಇಟ್ಟೇ ಹೊರಟೆ. ಆಕೆಯ ಅನುಮಾನ ನನಗೆ ಸಿಟ್ಟು ತರಿಸಲಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಮೊದಲ ಗಂಟಿಗೇ ಹಿಡಿಯುತ್ತಿದ್ದೆ.

ಅಜನಿಯ ಮನೆ ಚಲೋ ಇತ್ತು. ಎರಡು ಖೋಲಿ, ಅಡಿಗೆಮನೆ, ಹಿಂದೆ ಬೇವಿನ ಮರ, ಅದರಾಚೆ ಹಳಿಗಳು. ಕಾಕಾನ ಹೆಂಡತಿ ಸುಂದರಾ ಕಾಕು ಹೊರಡುವ ಮುನ್ನ ನನ್ನನ್ನು ಕೈ ಹಿಡಿದು ಮನೆ ತುಂಬ ಸುತ್ತಾಡಿಸಿದಳು. ಉಗ್ರಾಣದ ಖೋಲಿಗೆ ಬೀಗ. ಕಾಕಾನ ಸೈಕಲ್ಲಿಗೆ ಸರಪಳಿ, ಅದರ ಕೀಲಿ ಪಕ್ಕದ ಕ್ವಾರ್ಟರಿನ ಕಮಲಾಬಾಯಿಯ ಹತ್ತಿರ. ಅವರು ಹೋದ ಮರುದಿನ ಕಸ ಗುಡಿಸಲು ಹೋದರೆ ಉಗ್ರಾಣದ ಬಾಗಿಲ ಮುಂದೆ, ಮನೆಯೊಳಗೆ, ರಂಗೋಲಿಯ ಒಂದು ಸಣ್ಣ ಗೆರೆ! ಹೊಸ್ತಿಲ ಹೊರಗೆ ಲಕ್ಷ್ಮಿಗೆ ಹಾಕುವ ರಂಗೋಲಿ ಒಳಗೇಕೆ? ಲಕ್ಷ್ಮಿಗಲ್ಲ, ಅದು ನನಗೆ. ಯಾರಾದರೂ ದಾಟಿದರೆ ಗೆರೆ ಕೆಡುತ್ತದೆ, ಬಂದ ಮೇಲೆ ಗೊತ್ತಾಗುತ್ತದೆ. ಭಲೇ ಕಾಕು ಎಂದುಕೊಂಡೆ. ಆದರೆ ಆ ಗೆರೆಯನ್ನು ಕೆಡಿಸಿದವನು ಬಾಳ್ಯಾ. ಅವಳು ಎಳೆದ ಹಾಗೆಯೇ ಮತ್ತೆ ಎಳೆಯುವುದು ನನ್ನ ನಿತ್ಯದ ಕೆಲಸವಾಯಿತು.

ಬಾಳ್ಯಾ ಅಂದರೆ ಅವರ ಮುಂಗುಸಿ. ಹಳಿಯ ಬದಿಯ ಹಾವಿನ ಕಾಟಕ್ಕೆಂದು ಕಾಕಾ ತಂದು ಸಾಕಿದ್ದರು. ಕಾಕು ಅದಕ್ಕೆ ಹಾಲು ಅನ್ನ ಕಲಿಸಿ ಹಾಕಿ, ತಾನು ಮುಂಗುಸಿಯನ್ನೂ ಬ್ರಾಹ್ಮಣನನ್ನಾಗಿ ಮಾಡಿದ್ದೇನೆ ಎಂದು ಕಾಲನಿ ತುಂಬ ಹೇಳಿಕೊಂಡು ಬರುತ್ತಿದ್ದಳು. ಆದರೆ ಹೊರಡುವಾಗ ಕಾಕಾ ನಮ್ಮವರನ್ನು ಗೇಟಿನ ಹತ್ತಿರ ಕರೆದು, ಹೆಂಡತಿಗೆ ಬೆನ್ನು ಮಾಡಿ, ಮೆಲ್ಲಗೆ ಹೇಳಿದ್ದರು: "ದಿನಾ ಅದಕ್ಕ ಒಂದು ತತ್ತಿ ಹಾಕ್ರಿ. ಇಲ್ಲಾಂದ್ರ ಸಾಯ್ತದ. ಸುಂಕದ ನಾಕಾದ ಹತ್ತರ ಒಬ್ಬ ಮುದುಕಿ ಕೋಳಿ ಸಾಕ್ಯಾಳ. ಇಕಿಗೆ ಮಾತ್ರ ಗೊತ್ತಾಗಬಾರದು."

ಜೀವಮಾನದಲ್ಲಿ ಮೊಟ್ಟೆ ಮುಟ್ಟದ ನಾನು ಆ ಬೇಸಿಗೆಯಲ್ಲಿ ಮೊಟ್ಟೆಯ ಕಳ್ಳಿಯಾದೆ. ನಮ್ಮವರು ಅದನ್ನು ಊಟದ ಡಬ್ಬಿಯಲ್ಲಿ ಅರಿವೆ ಸುತ್ತಿ ತರುವರು. ನಾನು ಮೂಗು ಮುಚ್ಚಿಕೊಂಡು ಬೇವಿನ ಮರದ ಕೆಳಗೆ ಇಡುವೆ. ಬಾಳ್ಯಾ ಕೂಡಲೇ ಬಾಯಿ ಹಾಕುತ್ತಿರಲಿಲ್ಲ. ಸುತ್ತ ಬರುವುದು, ಮೂಸುವುದು, ಹಿಂಗಾಲ ಮೇಲೆ ನಿಂತು ನನ್ನ ಮುಖ ನೋಡುವುದು, ಮತ್ತೆ ಸುತ್ತ ಬರುವುದು. ಇಷ್ಟಾದ ಮೇಲೆ ಮೊಟ್ಟೆಯನ್ನು ಹಿಂಗಾಲ ಸಂದಿಯಿಂದ ಕಲ್ಲಿಗೆ ಒಗೆದು ಒಡೆಯುತ್ತಿತ್ತು. ನನಗಿಂತ ಹೆಚ್ಚು ಅನುಮಾನ ಪಡುವ ಜೀವವನ್ನು ನಾನು ಕಂಡದ್ದು ಅದೇ ಮೊದಲು. ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಮೊಟ್ಟೆಯ ಓಡನ್ನು ಮರದ ಬುಡದಲ್ಲಿ ಹೂಳುತ್ತಿದ್ದೆ. ಕಾಗೆಗಳು ಕೆದರಿ ಕಮಲಾಬಾಯಿಯ ಅಂಗಳದಲ್ಲಿ ಹಾಕಿದವು. ಒಂದು ಮಧ್ಯಾಹ್ನ ಆಕೆ ಬೇಲಿಯ ಆಚೆಯಿಂದ ಓಡೊಂದನ್ನು ಕಡ್ಡಿಯಲ್ಲಿ ಚುಚ್ಚಿ ಎತ್ತಿ ತೋರಿಸಿ, ನೀವು ಅಂಡೆ ತಿನ್ನುವವರೇ ಎಂದು ಮರಾಠಿಯಲ್ಲಿ ಕೇಳಿದಳು. ಮುಂಗುಸಿಗೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಅದು ನೇರ ಕಾಕುವಿನ ಕಿವಿಗೆ, ಅಲ್ಲಿಂದ ಕಾಕಾನ ತಲೆಗೆ, ಆಮೇಲೆ ನನ್ನ ಪಾಸಿಗೆ. ನಾನು ಕಾಗೆಗಳನ್ನು ಬೈದು ಒಳಗೆ ಬಂದೆ.

ನಮ್ಮವರ ಓಡಾಟದ ಕತೆ ಬೇರೆ. ಅಜನಿಯಿಂದ ಕಚೇರಿ ದೂರ, ಬಿಸಿಲು ಬೆಂಕಿ. ಧಂತೋಲಿಯ ತಿರುವಿನವರೆಗೆ ಜೇಬಿನಲ್ಲಿ ಉಳ್ಳಾಗಡ್ಡೆ ಇಟ್ಟುಕೊಂಡು ನಡೆಯುವರು, ಝಳ ಬಡಿಯದಿರಲೆಂದು. ಅಲ್ಲಿ ಕಚೇರಿಯ ಗೆಳೆಯರೊಬ್ಬರು ಸೈಕಲ್ಲಿನ ಹಿಂದೆ ಕೂರಿಸಿಕೊಳ್ಳುವರು. ಆಗ ಇಬ್ಬರು ಕೂತರೆ ಪೊಲೀಸಿನವನು ದಂಡ ಹಾಕುತ್ತಿದ್ದ. ಆದ್ದರಿಂದ ಪ್ರತಿ ಚೌಕದ ಮುಂಚೆ ಇವರು ಜಿಗಿದು ಇಳಿದು, ಗುರುತಿಲ್ಲದವರ ಹಾಗೆ ಪೊಲೀಸಿನವನ ಮುಂದೆ ಹಾದು, ಚೌಕ ದಾಟಿದ ಮೇಲೆ ಓಡಿ ಹತ್ತುವರು. ಸಂಜೆ ಬಂದು ಇದನ್ನು ನಟಿಸಿ ತೋರಿಸಿ ನಗಿಸುತ್ತಿದ್ದರು. ನಾನು ನಗುತ್ತಿದ್ದೆ, ಆದರೆ ಗುರುತಿಲ್ಲದವರ ಹಾಗೆ ನಡೆಯುವುದು ಇವರಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದೂ ಗಮನಿಸಿದ್ದೆ.

ಸುಖ ಇರಲಿಲ್ಲ ಎಂದು ಹೇಳಲಾರೆ. ಮಧ್ಯಾಹ್ನ ತಟ್ಟಿಗೆ ನೀರು ಹೊಡೆದು ಕಲ್ಲಿನ ನೆಲದ ಮೇಲೆ ಬೆನ್ನು ಹಚ್ಚಿದರೆ ಹೊರಗಿನ ನಾಗಪುರ ಬೇರೆಯವರ ಊರು. ಸಂಜೆ ನಾವಿಬ್ಬರೇ ಅಂಗಳದಲ್ಲಿ ಕೂತು ಮಾವಿನಕಾಯಿ ಪಾನಕ ಕುಡಿಯುವುದು, ಹಾದು ಹೋಗುವ ಗಾಡಿಗಳನ್ನು ನೋಡಿ ಇದು ಶಾಂತಿಯ ಕಡೆ ಹೋಗುವುದು, ಇದು ಅಲ್ಲ ಎಂದು ಹೇಳುವುದು. ಮದುವೆಯಾದ ಮೇಲೆ ನಮಗೆಂದು ಒಂದು ಮನೆ ಸಿಕ್ಕಂತಾಗಿತ್ತು, ಅದೂ ಇನ್ನೊಬ್ಬರದು. ಆದರೂ ನೀರು ಹೊಡೆದಾಗಲೆಲ್ಲ ಆ ವಾಸನೆಯ ಜೊತೆಗೆ ಅದೇ ಪ್ರಶ್ನೆ ಬರುತ್ತಿತ್ತು. ಕಾಕಾ 'ಆಮೇಲೆ' ಎಂದದ್ದು ಏನು? ಉಗ್ರಾಣದಲ್ಲಿ ಏನೋ ಇಟ್ಟಿದ್ದಾರೆ, ಕಳೆಯಿತೆಂದು ನಮ್ಮ ಮೇಲೆ ಹಾಕುತ್ತಾರೆ ಎಂದುಕೊಂಡೆ. ನಮ್ಮಿಂದ ಏನನ್ನೋ ಗದಗಿಗೆ ಸಾಗಿಸುತ್ತಾರೆ ಎಂದುಕೊಂಡೆ. ಒಂದು ದಿನ ಬೀಗದ ತೂತಿನಿಂದ ಇಣುಕಿಯೂ ನೋಡಿದೆ. ಜೋಳದ ಚೀಲ, ಒಂದು ತೊಟ್ಟಿಲು ಕಂಡವು, ಅಷ್ಟೆ.

ಮಳೆಗೆ ಮುಂಚೆ ಅವರು ಬಂದಿಳಿದರು. ಕಾಕು ಮೊದಲು ಹೋಗಿದ್ದು ಉಗ್ರಾಣದ ಬಾಗಿಲಿಗೆ. ಗೆರೆ ನೆಟ್ಟಗಿತ್ತು. ಮುಖ ಅರಳಿತು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಕಮಲಾಬಾಯಿ ಕರೆದಳು. ಕಾಕು ತಿರುಗಿ ಬಂದಾಗ ಆ ಮುಖವೇ ಇರಲಿಲ್ಲ.

"ನಮ್ಮ ಮನ್ಯಾಗ ತತ್ತಿ ಬೇಯಿಸಿ ತಿಂದ್ರಿ? ದೇವರ ಖೋಲಿ ಇರೂ ಮನ್ಯಾಗ? ನಾ ನಿಮ್ಮನ್ನ ಮಂದಿ ಅಂತ ತಿಳಕೊಂಡಿದ್ದೆ!"

ನಾನು ಕಾಕಾನ ಮುಖ ನೋಡಿದೆ. ಕಾಕಾ ಬಾಳ್ಯಾನ ಬೆನ್ನು ಸವರುತ್ತ ಕೂತಿದ್ದರು. ನಮ್ಮವರು ನನ್ನ ಮುಂಗೈ ಒತ್ತಿದರು. ಪಾಸು ಇನ್ನೂ ಕಾಕಾನ ಜೇಬಿನಲ್ಲಿತ್ತು. "ತಪ್ಪಾತ್ರೀ ಕಾಕು" ಎಂದೆ. ಮಾಡದ ತಪ್ಪಿಗೆ ತಪ್ಪಾಯಿತು ಎನ್ನುವುದು ಎಷ್ಟು ಉರಿಯುತ್ತದೆ ಎಂದು ಆ ದಿನ ಗೊತ್ತಾಯಿತು.

ಕಾಕು ಗೋಮೂತ್ರ ತರಲು ಹೋದಾಗ ಕಾಕಾ ಪಾಸು ತೆಗೆದು ನಮ್ಮ ಮುಂದೆ ಇಟ್ಟರು. ಆಗ ಆ 'ಆಮೇಲೆ' ಎಂಬುದು ಹೊರಗೆ ಬಂತು. ಪಾಸಿನಲ್ಲಿ ಬರೆದಿದ್ದುದು ತುಂಗಾಬಾಯಿ ಎಂದು. ಕಾಕಾನ ತಂಗಿ, ಹೆಚ್ಚುಕಡಿಮೆ ನನ್ನ ವಯಸ್ಸು. ಊರಲ್ಲೇ ಇದ್ದಾಳೆ, ಎಲ್ಲೂ ಹೋಗುವವಳಲ್ಲ. ರೈಲ್ವೆಯವರು ಅಣ್ಣನ ಪಾಸಿನಲ್ಲಿ ತಂಗಿಯನ್ನು ಸೇರಿಸುವುದು ಆಕೆ ವಿಧವೆಯಾಗಿದ್ದರೆ ಮಾತ್ರ.

"ಹಿಂಗ ಹೋದ್ರ ಹಿಡೀತಾರ" ಎಂದು ಕಾಕಾ ನನ್ನ ಹಣೆ ನೋಡದೆ ಹೇಳಿದರು. "ಕುಂಕುಮ, ಬಳಿ, ಕಾಲುಂಗುರ, ಮತ್ತ ಕೊರಳಾಗಿಂದು... ಗಾಡಿ ಇಳಿಯೂತನಕ ಅಷ್ಟ ತಗದಿಡ್ರಿ. ಇಳಿದ ಮ್ಯಾಲೆ ಹಾಕ್ಕೊಳ್ರಿ. ಯಾರಿಗೆ ಗೊತ್ತಾಗತದ?"

ಬಾಗಿಲಲ್ಲಿ ಕಾಕು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ತತ್ತಿ ತಿಂದಾಕಿಗೆ ಕುಂಕುಮ ಅಳಿಸಿಕೊಳ್ಳಾಕ ಏನ್ ಕಷ್ಟ?" ಎಂದು ಗೋಮೂತ್ರ ಚಿಮುಕಿಸುತ್ತ ಒಳಗೆ ಹೋದಳು.

ಬೇಸಿಗೆಯುದ್ದಕ್ಕೂ ಬೀಗದ ತೂತಿನಲ್ಲಿ ಹುಡುಕಿದ್ದು ಇಲ್ಲಿ, ನನ್ನ ಹಣೆಯ ಮೇಲೆಯೇ ಇತ್ತು. ಗಂಡ ಜೀವಂತ ಕೂತಿರುವಾಗ ತಾಳಿ ತೆಗೆಯುವುದೆಂದರೆ ಇಂದಿನ ಹುಡುಗಿಯರು ನಗಬಹುದು. ನಾನು ಎರಡೂ ಕೈಯಿಂದ ತಾಳಿ ಹಿಡಿದುಕೊಂಡೆ. ನಾನು ಇವರ ಕಡೆ ತಿರುಗಿದೆ. ಬೇಡ ಎನ್ನಲಿ, ಇಂಥ ಪಾಸು ಸುಡುಗಾಡಿಗೆ ಹೋಗಲಿ ಎನ್ನಲಿ ಎಂದು ಕಾದೆ. ಇವರು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದರು. "ನೋಡು, ನಿನ್ನ ಇಷ್ಟ" ಎಂದರು.

ನಿನ್ನ ಇಷ್ಟ! ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಎರಡು ಶಬ್ದಗಳಿಗೆ ನಾನು ಇವರನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಆ ಹೊತ್ತಿನಲ್ಲಿ ಸಿಟ್ಟಿಗಿಂತ ದೊಡ್ಡದು ಕಣ್ಣ ಮುಂದಿತ್ತು. ಅಡಿಗೆಮನೆಯ ಕಡೆ ಕೈ ಮಾಡುವ ನನ್ನ ಕೂಸು. ಹೋಗುತ್ತೇನೆ ಎಂದೆ.

ನಾಗಪುರದ ಸ್ಟೇಷನ್ನಿನಲ್ಲಿ ಮಾಸಿದ ಸೀರೆಯ ಸೆರಗು ತಲೆ ತುಂಬ ಹೊದ್ದು ಕಿಟಕಿಯ ಪಕ್ಕ ಕೂತೆ. ತಾಳಿ ಸೊಂಟದ ಚೀಲದಲ್ಲಿತ್ತು. ಇವರು ನಳದ ಹತ್ತಿರ, ಬೇರೆ ಯಾರನ್ನೋ ಕಳಿಸಲು ಬಂದವರ ಹಾಗೆ ನಿಂತಿದ್ದರು. ಗಾಡಿ ಹೊರಡುವ ಮುನ್ನ ನೀರಿನ ಹೂಜಿ ಹಿಡಿದು ಬಂದರು. ನನ್ನ ಗಾಡಿಯ ಡಬ್ಬಿಗೆ ಆಗಲೇ ಟಿಕೆಟ್ ಚೆಕ್ಕರ್ ಹತ್ತಿದ್ದ. ಅವನನ್ನು ನೋಡಿದ ಇವರು ಹೂಜಿಯನ್ನು ಕಿಟಕಿಯೊಳಗೆ ದೂಡುತ್ತ ಹೇಳಿದರು: "ತಗೋರಿ ಅಕ್ಕಾರ, ಜ್ವಾಕಿ."

ಗಂಡನ ಬಾಯಿಂದ ಅಕ್ಕ ಎನ್ನಿಸಿಕೊಂಡ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳು ಇದ್ದರೆ ಆಕೆಯನ್ನು ಕಾಣಬೇಕು ಎಂದು ನನಗೆ ಆಸೆ. ವರ್ಧಾ ಬರುವ ತನಕ ನಗುವೋ ಅಳುವೋ ತಿಳಿಯದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಎದುರಿನ ಹೆಂಗಸರು ಪಾಪ, ಹೊಸ ದುಃಖ ಎಂದು ಜಾಗ ಬಿಟ್ಟುಕೊಟ್ಟರು.

ಮನಮಾಡದಲ್ಲಿ ಯಾರೂ ಕೇಳಲಿಲ್ಲ. ದೌಂಡದಲ್ಲಿ ಪಾಸು ನೋಡಿದವನು ಆಕಳಿಸಿ ತಿರುಗಿಸಿಕೊಟ್ಟ. ಹೋಟಗಿಯಲ್ಲಿ ಸಣ್ಣ ಗಾಡಿಗೆ ಬದಲಿಸಿದ ಮೇಲೆ ಕನ್ನಡದವನೇ ಒಬ್ಬ ಚೆಕ್ಕರ್ ಬಂದ. ನಡು ವಯಸ್ಸು, ದಪ್ಪ ಮೀಸೆ. ಪಾಸನ್ನು ಓದಿ, ನನ್ನನ್ನು ನೋಡಿ, ಮತ್ತೆ ಪಾಸನ್ನು ಓದಿ, ಎದುರಿನ ಹಲಗೆಯ ಮೇಲೆ ಕೂತ.

"ಒಬ್ಬಾಕೀನ ಹೊಂಟೀ ಏನವಾ?"

"ಹೌದ್ರಿ."

"ಯಾರ ಮನಿಗೆ?"

"ಬಳಗದವರು ಅದಾರ್ರಿ ಗದಗಿನ್ಯಾಗ."

"ಹೂಂ" ಎಂದ. ಹೋಗಲಿಲ್ಲ. ವಿಜಾಪುರದಲ್ಲಿ ಇಳಿದವನು ಮತ್ತೆ ಬಂದು ಅಲ್ಲೇ ಕೂತ. ನನ್ನ ಕೈ ಸುಮ್ಮನೆ ಕೊರಳಿಗೆ ಹೋಗುವುದು, ಏನೂ ಸಿಗದೆ ಇಳಿಯುವುದು. ಅವನ ಕಣ್ಣು ಅದರ ಹಿಂದೆಯೇ ಏರುವುದು, ಇಳಿಯುವುದು. ಕಾಕಾ ಇವನಿಗೆ ತಂತಿ ಹೊಡೆದಿರಬೇಕು, ಕಾಕು ಹೇಳಿಕಳಿಸಿರಬೇಕು, ಕಮಲಾಬಾಯಿಗೆ ಇವನು ಬಳಗವಿರಬೇಕು ಎಂದು ನನ್ನ ತಲೆ ಗಿರಣಿಯ ಹಾಗೆ ತಿರುಗುತ್ತಿತ್ತು. ಗದಗಿಗೆ ಮುಂಚೆ ಮರೆಗೆ ಹೋಗಿ ತಾಳಿ ಕಟ್ಟಿಕೊಂಡು ಕುಂಕುಮ ಹಚ್ಚಿಕೊಳ್ಳಬೇಕು ಎಂದಿದ್ದೆ. ಅವನು ಕಣ್ಣು ಕೀಳಲಿಲ್ಲ.

ಗದಗ ಬಂತು. ನಡೆದೇ ಹೋಗುವವಳಿದ್ದೆ. ನನ್ನ ಗಂಟನ್ನು ಅವನೇ ಎತ್ತಿಕೊಂಡ. "ನಂದೂ ಡ್ಯೂಟಿ ಮುಗೀತು. ಹೆಣ್ಮಗಳು, ಒಬ್ಬಾಕೀನ ಬ್ಯಾಡ. ಮನಿತನಕಾ ಬಿಟ್ಟು ಹೋಗ್ತೀನಿ" ಎಂದು ಟಾಂಗಾ ಕರೆದ. ಬೇಡ ಎಂದರೆ ಹೆಚ್ಚು ಅನುಮಾನ. ಹೂಂ ಎಂದರೆ ನೇರ ಬಲೆಗೆ. ಬೇರೆ ಯಾರದೋ ಮನೆ ತೋರಿಸಲೇ ಎಂದು ಯೋಚಿಸಿದೆ. ಆದರೆ ಟಾಂಗಾ ನಮ್ಮ ಓಣಿಗೆ ತಿರುಗಿದಾಗ ಆ ಮನೆಯೊಳಗೆ ಶಾಂತಿ ಇದ್ದಾಳೆ ಎನ್ನುವುದು ಬಿಟ್ಟು ಬೇರೇನೂ ತಲೆಯಲ್ಲಿ ಉಳಿಯಲಿಲ್ಲ. ಇಳಿದವಳೇ ಬಾಗಿಲು ಬಡಿದೆ.

ಅವ್ವ ಬಾಗಿಲು ತೆಗೆದಳು. ನನ್ನನ್ನು ಕಂಡು ಅರಳಿದ ಮುಖ ಹಣೆಯ ಮೇಲೆ ಬಂದು ನಿಂತಿತು. ಅಲ್ಲಿಂದ ಕೊರಳಿಗೆ, ಬೋಳು ಕೈಗಳಿಗೆ ಇಳಿಯಿತು. ನನ್ನ ಹಿಂದೆ ಗಂಟು ಹಿಡಿದು ನಿಂತ ಅಪರಿಚಿತ ರೈಲ್ವೆಯವನನ್ನು ಕಂಡಿತು. ಅವಳು ಕಿರುಚಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

"ಯಾವಾಗ ಹ್ವಾದನಽ ನನ್ನವ್ವಾ! ಒಂದು ಸುದ್ದಿ ಸೈತ ಕಳಸಲಿಲ್ಲಲ್ಲಽ!" ಎಂದು ಎದೆ ಎದೆ ಬಡಿದುಕೊಂಡು ಹೊಸ್ತಿಲ ಮೇಲೆಯೇ ಕುಸಿದಳು. ಎದುರು ಮನೆಯವರು ಓಡಿ ಬಂದರು. ನಿಜ ಹೇಳಿದರೆ ಚೆಕ್ಕರ್ ಕೇಳುತ್ತಾನೆ, ಹೇಳದಿದ್ದರೆ ಅವ್ವ ಸಾಯುತ್ತಾಳೆ.

ಚೆಕ್ಕರ್ ಗಂಟು ಕೆಳಗಿಟ್ಟ. ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಹಣೆ ಹಣೆ ಬಡಿದುಕೊಂಡ.

"ಏಳ್ರಿ ಎಮ್ಮಾ. ನಿಮ್ಮ ಅಳಿಯಾ ಗಟ್ಟಿ ಅದಾನ. ಟಿಕೆಟ್ಟಿನ ರೊಕ್ಕಾ ಉಳಿಸ್ಯಾನ, ಅಷ್ಟ." ಆಮೇಲೆ ನನ್ನ ಕಡೆ ತಿರುಗಿದ. "ಬಿಸಲಾಗ ಮುಖಾ ಎಲ್ಲಾ ಕರ್ರಗಾಗೈತಿ, ಹಣಿ ನಡುವ ರೂಪಾಯಿಯಷ್ಟು ಬೆಳ್ಳಗ ಉಳದೈತಿ. ಹೋಟಗಿಯಾಗ ನೋಡಿದ್ನೆವಾ, ಇದು ವಿಧವಿ ಹಣಿ ಅಲ್ಲ. ಗಂಡನ್ನ ಬಿಟ್ಟು ಓಡಿ ಹೊಂಟಾಕಿ ಅಂತ ತಿಳದು, ಮನಿ ಮುಟ್ಟಿಸಾಕ ಬೆನ್ನ ಹತ್ತಿ ಬಂದೆ. ಓಡಿ ಹೋಗಾಕಿ ಅಲ್ಲ ನೀ, ಉಳಿಸಾಕಿ!" ಪಾಸನ್ನು ಕೇಳಿ ಇಸಿದುಕೊಂಡು ಜೇಬಿಗೆ ಹಾಕಿದ. "ಇದು ನನ್ನ ಕಡೆ ಇರಲಿ. ತಿರುಗಿ ಹೋಗಾಗ ಕುಂಕುಮ ಹಚ್ಚಿಕೊಂಡು, ಟಿಕೆಟ್ ತಗಸಿ ಬಾ."

ಅದರಂತೆ ಟಿಕೆಟು ತೆಗೆಸಿಯೇ ಹೋದೆ. ಅವ್ವ ತನ್ನ ಎಮ್ಮೆಯ ಕರು ಮಾರಿದಳು. ಆದರೆ ಅದು ಮಳೆ ಹಿಡಿದ ಮೇಲಿನ ಮಾತು. ಆ ಹೊತ್ತಿನಲ್ಲಿ ಅವ್ವ ಎದ್ದು ಮೊದಲು ನನ್ನ ಕೆನ್ನೆಗೆ ಬಾರಿಸಿದಳು, ಆಮೇಲೆ ಅಪ್ಪಿಕೊಂಡಳು. ಅಪ್ಪಿಕೊಂಡು ಮತ್ತೆ ಅತ್ತಳು. ಗಂಟಲು ಕಿತ್ತು ಬರುವ ಹಾಗೆ ಅತ್ತಳು.

ಆಗ ಯಾರೋ ನನ್ನ ಮೊಣಕಾಲಿಗೆ ಬಡಿದರು. ಬಗ್ಗಿ ನೋಡಿದೆ. ಪರಕಾರ ಉಟ್ಟ ಒಂದು ಸಣ್ಣ ಹುಡುಗಿ, ಕಣ್ಣು ಕೆಂಪು ಮಾಡಿಕೊಂಡು, ಇನ್ನೊಂದು ಏಟಿಗೆ ಕೈ ಎತ್ತಿದ್ದಳು.

"ನಮ್ಮವ್ವನ್ನ ಯಾಕ ಅಳಸ್ತೀ? ಹೋಗು ನಿಮ್ಮನಿಗೆ!"

ಅವಳ ಕೈ ಹಿಡಿದು ಅಲ್ಲೇ ಮಂಡಿಯೂರಿದೆ. ಬಿಡಿಸಿಕೊಳ್ಳಲಿಲ್ಲ, ಹತ್ತಿರವೂ ಬರಲಿಲ್ಲ. ನನ್ನ ಹಣೆ ನೋಡಿದಳು, ಕೊರಳು ನೋಡಿದಳು, ಬೋಳು ಕೈ ನೋಡಿದಳು. ಹುಬ್ಬು ಗಂಟು ಹಾಕಿ, ತುಟಿ ಬಿಗಿದು, ಯಾರು ಇವಳು, ಇಲ್ಲಿಗೇಕೆ ಬಂದಳು ಎಂದು ಸುತ್ತ ಒಂದು ಹೆಜ್ಜೆ ಇಟ್ಟು ಬೆನ್ನ ಕಡೆಯಿಂದಲೂ ನೋಡಿದಳು. ಒಂದು ವರ್ಷದಲ್ಲಿ ಎತ್ತರ, ಬಣ್ಣ, ಮಾತು ಎಲ್ಲ ಬದಲಾಗಿ ಗುರುತು ಸಿಗದಂತಾಗಿದ್ದಳು. ಆದರೂ ಇವಳು ನನ್ನ ಮಗಳೇ ಎಂಬುದರಲ್ಲಿ, ಜೀವನದಲ್ಲಿ ಅದೊಂದೇ ಸಲ, ನನಗೆ ಯಾವ ಅನುಮಾನವೂ ಬರಲಿಲ್ಲ.